ಮೈಕಿನಲ್ಲಿ ಕ್ಯಾಪ್ಟನ್ ಹೇಳಿದ ಮಾತು

ಮೊನ್ನೆ ಅಪ್ಪನ ಊರುಗೋಲನ್ನು ತೊಳೆದು ಬಿಸಿಲಿಗಿಟ್ಟಿದ್ದೆ. ಕಾದ ಅರಗಿನ ವಾಸನೆ ಬಂತು… ಕ್ಯಾಪ್ಟನ್ ನೆನಪಾದರು. ಆ ಕೋಲು ಮೊದಲು ಅವರದು.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಕಬಡ್ಡಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕ್ಯಾಪ್ಟನ್ನೇ. ಬೊಂಬೆ ಮಾಡುವ ನಮ್ಮಪ್ಪನಿಗಂತೂ ಅವರೆಂದರೆ ಪ್ರಾಣ. ಅವರ ಆಟವಿದೆಯೆಂದರೆ ಕೆಲಸ ನಿಲ್ಲಿಸಿ ಮಾಗಡಿಗೋ ಕನಕಪುರಕ್ಕೋ ಬಸ್ಸು ಹತ್ತಿಬಿಡುತ್ತಿದ್ದರು.

ಒಂದು ವರ್ಷ ಕ್ಯಾಪ್ಟನ್ ಮೈದಾನದ ಕಡೆ ತಲೆ ಹಾಕಲಿಲ್ಲ. ಜಂಬ ಬಂತು ಎಂದರು ಕೆಲವರು. ಕೊನೆಗೆ ಊರ ಪಂದ್ಯಾವಳಿಯ ಬಹುಮಾನ ಕೊಡಲು ಬಲವಂತ ಮಾಡಿ ಕರೆತಂದರು. ಮೈದಾನದ ಮಗ್ಗುಲಲ್ಲೇ ನಮ್ಮ ಮನೆ. ಅಮ್ಮನೂ ನಾನೂ ಸೊಪ್ಪು ಬಿಡಿಸುತ್ತಾ ಮೈಕಿಗೆ ಕಿವಿಗೊಟ್ಟಿದ್ದೆವು.

"ರೈಡಿಗೋದ್ರೆ ಒಂದೇ ಉಸ್ರಲ್ಲಿ ವಾಪಸ್ ಬತ್ತಿದ್ದೆ. ಈಗ ಒಂದಕ್ಕೋದ್ರೆ ಬರಕೇ ಆಗಾಕಿಲ್ಲ ಕಣ್ರಪ್ಪಾ!"

ಮೈದಾನವೆಲ್ಲ ಗೊಳ್ಳೆಂದಿತು. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

"ನಗಿ, ನಗಿ. ನಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಐತೆ. ಉಚ್ಚೆ ವಿಚಾರ ಯಾರಿಗೇಳದು ಅಂತ ನಾಚ್ಕಂಡು ಕುಂತಿದ್ದೆ, ಮೂಳೆಗಂಟ ಹೋಗ್ಬುಟ್ಟೈತೆ. ನೀವು ನಾಚ್ಕಬ್ಯಾಡಿ. ವಯಸ್ಸಾದೋರೆಲ್ಲ ಒಸಿ ತೋರಿಸ್ಕಳಿ."

ನಗು ನಿಂತುಹೋಯಿತು. ಅಮ್ಮ ಹಿತ್ತಲ ಕಡೆ ನೋಡಿದಳು. ಕೆಲವು ತಿಂಗಳಿಂದ ಅಪ್ಪನೂ ಅಲ್ಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ.

ಎಂಥ ಎದೆಗಾರಿಕೆ! ತೊಡೆ ತಟ್ಟಿ ನುಗ್ಗುವುದು ಅದರ ಮುಂದೆ ಏನೂ ಅಲ್ಲ ಎಂದು ಈಗಲೂ ಅನ್ನಿಸುತ್ತದೆ. ಮುಂದಿನ ವಾರ ಅವರ ಹಳೇ ಅಭಿಮಾನಿಗಳೆಲ್ಲ ಆಸ್ಪತ್ರೆಯ ಸಾಲಿನಲ್ಲಿದ್ದರು. ಅಪ್ಪನನ್ನು ಕಂಡ ಗೆಳೆಯರು, "ಏನ್ಲಾ, ನೀನೂ ರೈಡಿಗೆ ಬಂದ್ಯಾ?" ಎಂದು ರೇಗಿಸಿದರಂತೆ. ಅಪ್ಪನಿಗೂ ಅದೇ ಕಾಯಿಲೆ. ಆದರೆ ಶುರುವಿನಲ್ಲೇ ಗೊತ್ತಾಗಿ, ಆಪರೇಷನ್ ಆಗಿ, ಗುಣವಾಯಿತು.

ಚೇತರಿಸಿಕೊಂಡ ಮೇಲೆ ಅಪ್ಪ ಕ್ಯಾಪ್ಟನ್ನಿಗೆಂದು ಕೈಯಾರೆ ಆ ಕೋಲು ಮಾಡಿದರು. ಕ್ಯಾಪ್ಟನ್ ಆಡುವಾಗ ತೊಡುತ್ತಿದ್ದ ಬನಿಯನ್ನಿನ ಕೆಂಪನ್ನೇ ಅರಗಿಗೆ ಹಾಕಿದ್ದರು. ಅದನ್ನು ಊರಿಕೊಂಡು ಅವರು ಮತ್ತೆ ಪಂದ್ಯ ನೋಡಲು ಬಂದಾಗ ಜನ ಆಟ ಬಿಟ್ಟು ಅವರಿಗೇ ಚಪ್ಪಾಳೆ ತಟ್ಟಿದರು… ಮುಂದಿನ ಪಂದ್ಯಾವಳಿಗೆ ಅವರಿರಲಿಲ್ಲ. ಅವರ ಹೆಂಡತಿ ಕೋಲನ್ನು ನಮ್ಮ ಮನೆಗೆ ತಂದರು. "ನಿಮಗೇ ಕೊಡ್ಬೇಕು ಅಂದಿದ್ರು," ಎಂದು ಅಪ್ಪನ ಕೈಗಿತ್ತು ಅತ್ತರು.

ಅಪ್ಪನನ್ನು ನಮಗುಳಿಸಿದವರು ತಾವೇ ಉಳಿಯಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಒಣಗಿದ ಕೋಲನ್ನು ಒಳಗೆ ತಂದೆ. ಹಿಡಿಯ ಬಳಿ ಬಣ್ಣ ಪೂರಾ ಸವೆದಿತ್ತು.

"ಹೊಸದಾಗಿ ಅರಗು ಹಾಕ್ಸನಾ ಅಪ್ಪಾ?" ಎಂದೆ.

ಅಪ್ಪ ಕೋಲನ್ನು ಈಸಿಕೊಂಡು ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿದರು.

"ಬ್ಯಾಡ ಕಣವ್ವಾ. ಕ್ಯಾಪ್ಟನ್ ಹಿಡ್ದಿದ್ ಜಾಗ ಅದು."