ದೊರೆಯೂ ಆಮೆನ್ ಅಂದ ಭಾನುವಾರ

ನಮ್ಮಪ್ಪ ಕದಿರಪ್ಪನಿಗೆ ದೇವರ ಭಯ ಎಷ್ಟಿತ್ತೋ ದೊರೆಯ ಭಯವೂ ಅಷ್ಟೇ ಇತ್ತು. ಯಾವುದು ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ ಅಂತ ನನಗೆ ಈಗಲೂ ಸಿಟ್ಟು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಚಿನ್ನದ ಗಣಿಗೆ ಕೂಲಿಗೆ ಬಂದವನು ಇಲ್ಲೇ ಕ್ರೈಸ್ತನಾದ, ಹೆಸರು ಮಾತ್ರ ಬದಲಿಸಲಿಲ್ಲ. ಸುರಂಗದಲ್ಲಿ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವುದು ಅವನ ಕೆಲಸ. ಚರ್ಚಿನ ಸಭೆಯ ಹಿರಿಯನಾಗಿ, ಭಾನುವಾರ ಆಳುವವರಿಗಾಗಿ ಪ್ರಾರ್ಥಿಸುವುದೂ ಅವನದೇ ಪಾಲು. ದೆಹಲಿಯಿಂದ ಶುರುಮಾಡಿ, ಮುಂದಿನ ಕುರ್ಚಿಯಲ್ಲಿ ಕೂತ ಗಣಿಯ ಬಿಳಿ ದೊರೆಯವರೆಗೆ ಎಲ್ಲರಿಗೂ ಆಶೀರ್ವಾದ ಬೇಡುತ್ತಿದ್ದ. ಸಭೆ ಕಣ್ಣು ಮುಚ್ಚಿಕೊಂಡು ಆಮೆನ್ ಅನ್ನುತ್ತಿತ್ತು.

೧೯೫೪ರಲ್ಲಿ ಪಕ್ಕದ ಮನೆಯ ಪೆರುಮಾಳ್ ಬಂಡೆ ಕುಸಿದು ಸತ್ತ. ಆಸರೆಯ ಮರ ಸೀಳಿದೆ, ಯಾರನ್ನೂ ಒಳಗೆ ಬಿಡಬೇಡಿ ಅಂತ ಅಪ್ಪ ಮೊದಲೇ ಹೇಳಿದ್ದ. ದೊರೆ ಕೇಳದೆ ಕಳಿಸಿದ್ದ. ಮಣ್ಣು ಮಾಡಿದ ಮರುದಿನ ಅಪ್ಪನ ಮುಂದೆ ಒಂದು ಕಾಗದ ಬಂತು: ಪೆರುಮಾಳ್ ಅಪ್ಪಣೆಯಿಲ್ಲದೆ ತಾನಾಗಿಯೇ ಒಳಗೆ ಹೋದ, ಅಂತ. ಅಪ್ಪ ಸಹಿ ಹಾಕಿದ. "ಅಧಿಕಾರ ಕೊಟ್ಟೋನು ದೇವ್ರೇ ಅಲ್ವಾ, ಮೀರಾದ್ ಎಂಗೆ?" ಅಂತ ಅವ್ವನಿಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ವಿಚಾರಣೆಗೆ ಬಂದ ಸರ್ಕಾರದ ಇನ್‌ಸ್ಪೆಕ್ಟರಿಗೆ ಆ ಕಾಗದವನ್ನೇ ಕೊಟ್ಟರು. ತಪ್ಪೆಲ್ಲ ಸತ್ತವನ ತಲೆಗೆ ಬಿತ್ತು. ಪೆರುಮಾಳನ ಹೆಂಡತಿ ಚಿಕ್ಕವೆಂಕಟಮ್ಮ ಎಂಟು ದಿನದಲ್ಲಿ ಗಣಿಯ ಮನೆ ಖಾಲಿ ಮಾಡಬೇಕು ಅಂತ ಅಪ್ಪಣೆಯಾಯಿತು.

ಆ ಭಾನುವಾರ ಅಪ್ಪ ಪ್ರಾರ್ಥನೆಗೆ ನಿಂತ. ದೆಹಲಿ ಮುಗಿಯಿತು, ಮೈಸೂರು ಮುಗಿಯಿತು. ದೊರೆಯ ಸರದಿ ಬಂದಾಗ ಕಣ್ಣು ತೆರೆದು ಮುಂದಿನ ಕುರ್ಚಿ ನೋಡಿದ. ಆಮೇಲೆ, "ಅರಸರ ಅರಸನೇ, ನಮ್ಮ ದೊರೆಗೂ ನೀನೇ ದೊರೆ. ಸೀಳಿದ ಮರದಡಿಗೆ ಪೆರುಮಾಳನ್ನ ಕಳಿಸಿದ್ದು ಈ ದೊರೆ. ಸುಳ್ಳಿಗೆ ಸಹಿ ಹಾಕಿದ್ದು ನಾನು. ಇಬ್ಬರನ್ನೂ ವಿಚಾರಿಸು" ಅಂದುಬಿಟ್ಟ.

ಅಭ್ಯಾಸಬಲ ನೋಡಿ, ಇಡೀ ಸಭೆ ಆಮೆನ್ ಅಂದಿತು! ಕನ್ನಡ ಬಾರದ ದೊರೆಯದೇ ಎಲ್ಲರಿಗಿಂತ ದೊಡ್ಡ ದನಿ. ಆಮೇಲೆ ಒಬ್ಬೊಬ್ಬರಾಗಿ ಗಾಬರಿಯಿಂದ ಕಣ್ಣು ಬಿಟ್ಟರು. ನನಗೆ ನಗು ಬಂತು, ಅವ್ವ ತೊಡೆ ಚಿವುಟಿದಳು.

ಎದೆ ಹಗುರ ಮಾಡಿಕೊಂಡು ಮನೆಗೆ ಬಂದ ಅಪ್ಪನನ್ನು ಚಿಕ್ಕವೆಂಕಟಮ್ಮ ಬಾಗಿಲಲ್ಲೇ ತಡೆದಳು.

"ದೇವ್ರಿಗೆ ಏಳ್ದ್ಯಂತೆ ಕಣಣ್ಣ. ಅವ್ನಿಗೆ ಗೊತ್ತಿರ್ಲಿಲ್ವಾ? ಆ ಇನ್‌ಸ್ಪೆಕ್ಟರಿಗೆ ಯಾಕ್ ಏಳ್ಲಿಲ್ಲ?"

ಅಪ್ಪನ ಮುಖ ಕಪ್ಪಿಟ್ಟಿತು. ಇನ್‌ಸ್ಪೆಕ್ಟರ್ ಅಂದೇ ಸಂಜೆ ಬಂಗಾರಪೇಟೆಯಲ್ಲಿ ರೈಲು ಹತ್ತುವವನಿದ್ದ. ಅಪ್ಪ ಉಣ್ಣದೆ ರಾಬರ್ಟ್‌ಸನ್‌ಪೇಟೆಗೆ ಓಡಿ ಬಸ್ಸು ಹಿಡಿದ. ಪ್ಲಾಟ್‌ಫಾರಂ ಮೇಲೇ ಎಲ್ಲ ಹೇಳಿ ಹೊಸದಾಗಿ ಬರೆಸಿ ಸಹಿ ಹಾಕಿದ.

ಸತ್ತವನ ತಲೆಯಿಂದ ತಪ್ಪು ಇಳಿಯಿತು. ಪೆರುಮಾಳನ ಕೆಲಸ ಚಿಕ್ಕವೆಂಕಟಮ್ಮನ ತಮ್ಮನಿಗೆ ಸಿಕ್ಕಿ ಅವಳ ಮನೆ ಉಳಿಯಿತು. ಅಪ್ಪನನ್ನು ಕೆಲಸದಿಂದ ತೆಗೆದರು, ನಮ್ಮ ಮನೆ ಹೋಯಿತು. ಮೂಟೆ ಕಟ್ಟುವಾಗ ನಾನು ಕಿರುಚಿದೆ: "ಎಲ್ಲಪ್ಪಾ ನಿನ್ ಅರಸರ ಅರಸ? ದೊರೆ ಬಂಗ್ಲೆನಾಗೇ ಅವ್ನೆ, ನಾವ್ ಬೀದಿಗ್ ಬಿದ್ವಿ!"

ಅಪ್ಪ ಹಗ್ಗ ಬಿಗಿಯುತ್ತಲೇ ಅಂದ, "ಇಬ್ರುನ್ನೂ ಇಚಾರ್ಸು ಅಂತ ಕೇಳ್ದೋನು ನಾನೇ ಕಣಮ್ಮ. ಮೊದ್ಲು ನನ್ ಸರದಿ ಬಂದದೆ."

ದೊರೆ ಮರುವರ್ಷ ಹಡಗು ಹತ್ತಿ ತನ್ನ ದೇಶಕ್ಕೆ ಹೋದ. ಅಪ್ಪ ಬಂಗಾರಪೇಟೆಯಲ್ಲಿ ಇಟ್ಟಿಗೆ ಹೊರುತ್ತಾ, ೧೯೬೭ರಲ್ಲಿ ಕಣ್ಣು ಮುಚ್ಚುವವರೆಗೂ, ದೊರೆಯ ಸರದಿಗಾಗಿ ಕಾದ.