ಮೈಗೆ ನೆನಪಿರ್ತದೆ

ಮಗಳಿಗೆ ಸೀತಾಳೆ ಸಿಡುಬಿನ ಲಸಿಕೆ ಹಾಕಿಸಲು ಶ್ರೀನಿವಾಸಪುರದ ಕ್ಲಿನಿಕ್ಕಿಗೆ ಹೋಗಿದ್ದೆ. ಅಂಗಳದ ಬೇವಿನ ವಾಸನೆ ಮೂಗಿಗೆ ಬಡಿಯಿತು.

ಚಿಕ್ಕವಳಿದ್ದಾಗ ಅದೇ ಕಾಯಿಲೆ ಬಂದು ನಾನು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಬಸುರಿ ಅಮ್ಮನಿಗೆ ಅದು ಎಂದೂ ಬಂದಿರಲಿಲ್ಲ. ಹಾಗಾಗಿ ಅಜ್ಜಿ ಅವಳನ್ನು ನನ್ನ ಕೋಣೆಯ ಹೊಸಿಲು ದಾಟಲು ಬಿಡಲಿಲ್ಲ. ನನಗೆ ಗಂಜಿ ಕುಡಿಸುತ್ತಿದ್ದವರು ಪಕ್ಕದ ಮನೆಯ ಬಳೆ ಮಾರುವ ಖಾಲಾ; ಅವರ ಉರ್ದುವಿನಲ್ಲಿ ಹಾಗೆಂದರೆ ಚಿಕ್ಕಮ್ಮ.

"ನಿಮಗೆ ಅಂಟಲ್ವಾ ಖಾಲಾ?"

"ನಂಗೆ ಚಿಕ್ಕೋಳಿದ್ದಾಗ್ಲೇ ಬಂದು ಹೋಯ್ತು ಕಣೇ. ಮೈಗೆ ನೆನಪಿರ್ತದೆ, ಇನ್ನೊಂದ್ಸಲ ಒಳಗೆ ಬಿಡಲ್ಲ."

ಮೈ ಅದನ್ನು ಎಲ್ಲಿ ನೆನಪಿಟ್ಟುಕೊಳ್ಳುತ್ತದೆ? ಅವರ ಕೆನ್ನೆಯ ಕಲೆಯಲ್ಲಿರಬೇಕೆಂದು ಮುಟ್ಟಿ ನೋಡಿದ್ದೆ.

"ಕಾಯಿಲೆ ಬೀಳದೇನೇ ಮೈಗೆ ಅದರ ಗುರುತು ಹೇಳಿಕೊಡೋದೇ ಲಸಿಕೆ" ಎಂದರು ಇವತ್ತು ನರ್ಸ್. ಸೂಜಿ ಚುಚ್ಚಿದಾಗ ಮಗಳು ಅತ್ತಳು. ಎತ್ತಿ ಅಪ್ಪಿಕೊಂಡೆ. ಅವತ್ತು ಅಮ್ಮನಿಗೆ ನನ್ನನ್ನು ಹೀಗೆ ಅಪ್ಪಿಕೊಳ್ಳಲೂ ಆಗಿರಲಿಲ್ಲ.