ಹಿತ್ತಾಳೆ ಮಣಿ, ಕೆಂಪು ಚುಕ್ಕೆ

ಮೇರಿಲ್ಯಾಂಡ್‌ನ ನಮ್ಮ ಕೌಂಟಿಯಲ್ಲಿ ಜಿಂಕೆ ಬೇಟೆಗೆ ರೈಫಲ್ ಒಯ್ಯುವಂತಿಲ್ಲ. ಹೊಲ ಮುಗಿಯುವಲ್ಲೇ ಮನೆಗಳ ಸಾಲು ಶುರುವಾಗುವುದರಿಂದ ದೂರ ಹಾರುವ ಗುಂಡು ಅಪಾಯ. ಶಾಟ್‌ಗನ್ನೇ ಗತಿ. ಅದಕ್ಕೆ ಸ್ಲಗ್ ಎಂಬ ದಪ್ಪನೆಯ ಒಂಟಿ ಗುಂಡು ತುಂಬಿಕೊಂಡು, ನಲವತ್ತು ಐವತ್ತು ಗಜದೊಳಗೆ ಜಿಂಕೆ ಬರುವವರೆಗೆ ಕಾಯಬೇಕು. ಎಂಥ ನಳಿಗೆ, ಗುರಿ ನೋಡಲು ಅದರ ಮೇಲೆ ಎಂಥ ಸೈಟ್, ಆರಿಸಿಕೊಳ್ಳಲು ಇರುವುದು ಇಷ್ಟೇ. ಅಂಗಡಿಯವನು ನಿಂತ ನಿಲುವಿನಲ್ಲಿ ಮುಗಿಸುವ ಮಾತು. ನನಗೂ ನನ್ನ ಗಂಡನಿಗೂ ಅದಕ್ಕೆ ಎರಡು ಚಳಿಗಾಲ ಹಿಡಿಯಿತು.

ಅವರು ಕೊಡಗಿನವರು, ಕಣ್ಣಿನ ಡಾಕ್ಟರು. ನಾನು ಮೈಸೂರಿನವಳು, ಜರ್ಮನ್‌ಟೌನ್‌ನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ‘ಪುಳ್ಚಾರು’. ಬೇಟೆಯ ಮಾಂಸವನ್ನು ಇವತ್ತಿಗೂ ಮುಟ್ಟಿದವಳಲ್ಲ. ಆದರೆ ೨೦೨೦ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿ, ನಾನೂ ಬೇಟೆಯ ಕೋರ್ಸ್ ಮುಗಿಸಿ ಅವರ ಬೆನ್ನು ಹತ್ತಿದೆ. ಪರಿಚಯದ ರೈತನೊಬ್ಬ ತನ್ನ ಸೋಯಾ ಹೊಲದಂಚಿನಲ್ಲಿ ಕೂರಲು ಬಿಡುತ್ತಿದ್ದ. ನನ್ನ ಕೆಲಸ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ನನ್ನಿಂದ ಆಗುತ್ತಿರಲಿಲ್ಲ.

ಕಾಯುವಾಗ ಅವರು ಪಿಸುಮಾತಿನಲ್ಲಿ ಊರಿನ ಸುದ್ದಿ ಹೇಳುತ್ತಿದ್ದರು. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು ಹಾರಿಸುತ್ತಾರಂತೆ, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು.

“ಎರಡು ಈಡು ಕೇಳಿದ್ರೆ ಸಾಕು, ಕೈಲಿರೋ ಕೆಲಸ ಬಿಟ್ಟು ಜನ ಬರ್ತಾರೆ.”

“ಇಲ್ಲಿ ಹೊಡೆದ್ರೆ ಯಾರು ಬರ್ತಾರೆ?” ಎಂದೆ.

“ಪೊಲೀಸರು ಬರ್ತಾರೆ ಮಾರಾಯ್ತಿ” ಎಂದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅವತ್ತು ಜಿಂಕೆ ಬರಲಿಲ್ಲ.

ಅವರ ಹಳೆಯ ಕೋವಿಯ ನಳಿಗೆ ಒಳಗೆ ನುಣುಪು, ತುದಿಯಲ್ಲಿ ಒಂದು ಹಿತ್ತಾಳೆ ಮಣಿ. ಕೆನ್ನೆಯನ್ನು ಪ್ರತಿ ಸಲವೂ ಅದೇ ಜಾಗಕ್ಕೆ ಒತ್ತಿ ಮಣಿಯನ್ನು ಜಿಂಕೆಯ ಮೇಲಿಟ್ಟರೆ ಆಯಿತು. ಬಾಲ್ಯದಿಂದ ಅವರಿಗೆ ಒಗ್ಗಿದ್ದು ಅದೇ. ಆ ವರ್ಷ ಬೇಟೆಗೆ ಮುಂಚೆ ರೈತನ ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿ ಹೊಡೆದು ನೋಡಿದರೆ ಗುಂಡುಗಳು ಚೆಲ್ಲಾಪಿಲ್ಲಿ. “ಬ್ಯಾರೆಲ್ ಪ್ರಾಬ್ಲಮ್ ಇದು” ಎಂದರು. ಒಳಗೆ ಸುರುಳಿಯಾಗಿ ಗೀರು ಕೊರೆದ ನಳಿಗೆ ಬಂತು. ಅದು ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುತ್ತದೆ. ಅದಕ್ಕೆ ಹಿಂದೊಂದು ಕಚ್ಚು, ಮುಂದೊಂದು ಕಡ್ಡಿ, ಎರಡನ್ನೂ ಗುರಿಯ ಜೊತೆ ಸೇರಿಸಿ ನೋಡಬೇಕು. ಗುಂಡು ಮತ್ತೆ ಅತ್ತಿತ್ತ. “ವಯಸ್ಸಾದ ಕಣ್ಣಿಗೆ ಮೂರು ದೂರ ಒಟ್ಟಿಗೆ ಫೋಕಸ್ ಆಗಲ್ಲ” ಎಂದು ಡಾಕ್ಟರ ಗತ್ತಿನಲ್ಲೇ ಹೇಳಿ ರೆಡ್ ಡಾಟ್ ತರಿಸಿದರು. ಅದು ಪುಟ್ಟ ಗಾಜು, ಒಳಗೆ ಬ್ಯಾಟರಿಯ ಕೆಂಪು ಚುಕ್ಕೆ. ಎರಡೂ ಕಣ್ಣು ತೆರೆದೇ ನೋಡಬಹುದು. ಅದು ಕೂರುವ ಪಟ್ಟಿ ನಳಿಗೆಗೇ ಬೆಸೆದಿರಬೇಕು, ಆಗ ನಳಿಗೆ ಕಳಚಿ ಮತ್ತೆ ಹಾಕಿದರೂ ಗುರಿ ತಪ್ಪುವುದಿಲ್ಲ ಎಂದು ಆ ನಳಿಗೆಯನ್ನೂ ಬದಲಾಯಿಸಿದರು.

ಅವರು ಕ್ಲಿನಿಕ್ಕಿನಲ್ಲಿ ಜೀವಮಾನವಿಡೀ ಕೇಳಿದ ಪ್ರಶ್ನೆಯನ್ನು ನಾನು ದಿಬ್ಬದ ಎದುರು ಅವರಿಗೇ ಕೇಳಿ ರೇಗಿಸಿದ್ದೆ. “ಡಾಕ್ಟ್ರೇ, ಮುಂಚಿನದು ಕ್ಲಿಯರ್ ಇತ್ತಾ, ಇದು ಕ್ಲಿಯರ್ ಇದೆಯಾ?”

“ಎರಡೂ ಒಂದೇ ಥರ ಇದೆ ಕಣೆ” ಎಂದಿದ್ದರು. ನಾನು ನಕ್ಕಿದ್ದೆ.

ಆ ಹೊತ್ತಿಗೆ ಮಂಡಿ ನೋವೆಂದು ಕಾರಿನ ಕೀ ನನಗೆ ಕೊಟ್ಟಾಗಿತ್ತು. ಪೇಪರ್ ಓದುವುದನ್ನು ಬಿಟ್ಟು, ಸುದ್ದಿ ಕೇಳುತ್ತೇನೆ ಎನ್ನತೊಡಗಿದ್ದರು. ಒಂದು ಕಡೆ ಕಣ್ಣಿನ ಡಾಕ್ಟರು, ಇನ್ನೊಂದು ಕಡೆ ಲ್ಯಾಬಿನವಳು. ಇಬ್ಬರೂ ಕೂತು ಕೋವಿಗೆ ಚಿಕಿತ್ಸೆ ಮಾಡುತ್ತಿದ್ದೆವು!

ಮರುವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ ಹೆಣ್ಣು ಜಿಂಕೆಯೊಂದು ತೀರ ಹತ್ತಿರ ಬಂದು ಅಡ್ಡಲಾಗಿ ನಿಂತಿತು. ಅದರ ರೆಪ್ಪೆ ಬಡಿಯುವುದು ನನಗೆ ಕಾಣುತ್ತಿತ್ತು. ಅವರು ಕೋವಿ ಎತ್ತಿದರು. ಎತ್ತಿಕೊಂಡೇ ಇದ್ದರು. ಆಮೇಲೆ ನಿಧಾನಕ್ಕೆ ಇಳಿಸಿ, ಗುಂಡುಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡರು.

“ನೇರ ನೋಡಿದ್ರೆ ಮಾಯ ಆಗುತ್ತೆ. ಪಕ್ಕಕ್ಕೆ ನೋಡಿದ್ರೆ ಇದೆ. ಗುರಿ ಇಡೋ ಕಡೆನೇ ಕಾಣಲ್ಲ.”

“ಎಷ್ಟು ದಿನದಿಂದ?”

“ಮಣಿ ತೆಗೆಸೋಕೆ ಮುಂಚಿನಿಂದ. ಕಣ್ಣಿನ ಪೊರೆ ಅಲ್ಲ, ಒಳಗಿನ ಪರದೆ ಹೋಗಿದೆ. ಎರಡೂ ಕಣ್ಣು. ನಂಗೆ ಗೊತ್ತಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಬೈದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು: “ಬೇರೆಯವರಿಗೆ ಹೇಳೋದು ಸುಲಭ ಇತ್ತು.” ನಾನು ಕಾರು ನಿಲ್ಲಿಸಿ ಅವರ ಕೈ ಹಿಡಿದುಕೊಂಡು ಕೂತೆ.

ಮಾರ್ಚಿನಲ್ಲಿ ಹೃದಯಾಘಾತವಾಯಿತು. ಆಸ್ಪತ್ರೆಗೆ ತಲುಪುವ ಮುಂಚೆಯೇ ಹೋಗಿಬಿಟ್ಟರು. ಅಂತ್ಯಕ್ರಿಯೆ ನಡೆದ ಕಟ್ಟಡದಲ್ಲಿ ಮೆತ್ತನೆಯ ಕಾರ್ಪೆಟ್ಟು, ಮೆತ್ತನೆಯ ಮಾತು. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಯಲ್ಲಿ ಈಡು ಹಾರಿಸುವುದು ಸಾಧ್ಯವೇ ಇರಲಿಲ್ಲ. ಸದ್ದಿಲ್ಲದೆ ಕಳಿಸಿದೆನಲ್ಲ ಎಂಬ ಸಂಕಟ ಊಟ ಮಾಡಲೂ ಬಿಡಲಿಲ್ಲ.

ಕೊನೆಗೆ ರೈತನ ಹೆಂಡತಿಗೆ ಫೋನ್ ಮಾಡಿ, ದಿಬ್ಬದ ಹತ್ತಿರ ಕೋವಿ ಹೊಡೆಯಲು ಬರಲೇ ಎಂದಷ್ಟೇ ಕೇಳಿದೆ. ಡಾಕ್ಟರು ಹೋದರು ಎಂಬ ಮಾತು ಬಾಯಿಗೆ ಬರಲಿಲ್ಲ. ಬಾ ಎಂದಳು.

ಗುಂಡು ಆಕಾಶಕ್ಕೆ ಹಾರಿಸಬಾರದು, ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಮಣ್ಣಿಗೇ ಹೊಡೆಯಬೇಕು ಎಂದು ಅವರೇ ಕಲಿಸಿದ್ದರು. ಎರಡು ಸ್ಲಗ್ ತುಂಬಿ, ಕೆನ್ನೆ ಒತ್ತಿ, ರೆಡ್ ಡಾಟಿನ ಗುಂಡಿ ಅದುಮಿದೆ. ಕೆಂಪು ಬೆಳಕು ಕಣ್ಣಿಗೆ ಹೊಡೆಯಿತು. ಚುಕ್ಕೆಯೇ ಅಲ್ಲ ಅದು, ಉರಿಯುವ ಕೆಂಡ. ಹೊಳಪನ್ನು ಕೊನೆಯ ಮಟ್ಟಕ್ಕೆ ಏರಿಸಿಟ್ಟಿದ್ದರು. ಇಷ್ಟು ಉರಿದರೂ ಸಾಲದಷ್ಟು ಕತ್ತಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು, ನನ್ನ ಕಾಫಿ ಕುಡಿದು, ನನ್ನ ಹರಟೆಗೆ ನಗುತ್ತಿದ್ದರು. ಹೊಳಪು ಇಳಿಸಲು ಮನಸ್ಸಾಗಲಿಲ್ಲ. ಹಾಗೇ ಹೊಡೆದೆ. ಒಂದು. ಹಿಂದೆಯೇ ಇನ್ನೊಂದು.

ಭುಜ ಕಳಚಿದಂತಾಗಿ ನೆಲಕ್ಕೆ ಕೂತೆ. ಕೊಟ್ಟಿಗೆಯ ಕಡೆಯಿಂದ ರೈತ ಓಡಿಬರುತ್ತಿದ್ದ. ಟ್ರ್ಯಾಕ್ಟರ್ ರಿಪೇರಿ ಅರ್ಧಕ್ಕೇ ಬಿಟ್ಟಿದ್ದ, ಮೊಣಕೈವರೆಗೆ ಗ್ರೀಸ್. ನಾನು ಬರುವ ವಿಷಯ ಹೆಂಡತಿ ಅವನಿಗೆ ಹೇಳಿರಲಿಲ್ಲ.

“ಬೇಟೆಯ ಕಾಲವಲ್ಲ, ಎರಡು ಸಲ ಕೇಳಿಸಿತು. ಏನಾಯಿತು? ಡಾಕ್ಟರ್ ಎಲ್ಲಿ?” ಎಂದು ಏದುಸಿರು ಬಿಡುತ್ತಾ ಇಂಗ್ಲಿಷಿನಲ್ಲಿ ಕೇಳಿದ.

ಜನ ಬರುತ್ತಾರೆ ಎಂದಿದ್ದರು. ಬಂದಿದ್ದ. ಅವನಿಗೆ ಹೇಳಿದೆ, ಹೇಳಿ ಜೋರಾಗಿ ಅತ್ತೆ.